ಕೆಳಗಿನ ಪದರ

ದ್ರವಗಳ ಪದರ ಬೇರ್ಪಡಿಸುವ ಗಾಜಿನ ಆಲಿಕೆಗೆ ಹಾಕಿದ ನೀರಿನ ಹನಿ ಮುತ್ತಿನಂತೆ ತಳಕ್ಕಿಳಿಯಲಿಲ್ಲ, ಉಳಿದಿದ್ದ ದ್ರವದಲ್ಲೇ ಬೆರೆತುಹೋಯಿತು. ಪ್ರಯೋಗಾಲಯದ ಮೇಜಿನ ಮುಂದೆ ನಿಂತಿದ್ದ ಅವಳು ಇನ್ನೊಂದು ಹನಿ ಹಾಕಿ ನೋಡಿದಳು; ಅದೂ ಬೆರೆಯಿತು. ಉಳಿದಿರುವುದು ಬರೀ ನೀರು! ತಯಾರಿಸಿದ ವಸ್ತುವನ್ನು ಕರಗಿಸಿಕೊಳ್ಳಲು ದಿನವೂ ಬಳಸುವ ಈಥರ್ ನೀರಿನ ಮೇಲೆ ತೇಲುತ್ತಿತ್ತು. ಅದು ಮುಗಿದಿದ್ದರಿಂದ ಇವತ್ತು ಹಾಕಿದ್ದು ನೀರಿಗಿಂತ ಭಾರದ ದ್ರಾವಕ. ಕೈ ಮಾತ್ರ ಹಳೇ ಅಭ್ಯಾಸದಂತೆ, ಕಣ್ಣಿನ ಅಪ್ಪಣೆಗೂ ಕಾಯದೆ, ಕೆಳಗಿನ ಪದರವನ್ನು ಸಿಂಕಿಗೆ ಬಿಟ್ಟಿತ್ತು.

ತಿಂಗಳುಗಟ್ಟಲೆ ಹೆಣಗಿ ತಯಾರಿಸಿದ ಹೊಂಬಣ್ಣದ ವಸ್ತು ಆ ಪದರದಲ್ಲೇ ಇತ್ತು. ಎಳವೆಯಲ್ಲೇ ಮುಪ್ಪಡರಿದ ಮಗುವೊಂದರ ಜೀವಕೋಶಗಳು ಪಕ್ಕದ ಕೋಣೆಯಲ್ಲಿ ಅದಕ್ಕಾಗಿ ಕಾಯುತ್ತಿದ್ದವು. ಮುಪ್ಪು ತರುವ ಕಿಣ್ವವನ್ನು ಅದು ತಡೆಯುತ್ತದೆಯೇ ಎಂದು ಇವತ್ತೇ ನೋಡಬೇಕು. ಆ ಕೋಶಗಳು ನಾಳೆಯವರೆಗೆ ಉಳಿಯುವುದೇ ಅನುಮಾನ.

ಅಷ್ಟರಲ್ಲಿ, ಆ ಕೋಶಗಳನ್ನು ಸಾಕುವ ಸಹೋದ್ಯೋಗಿ ತೋಳು ಮಡಚಿಕೊಂಡು ಸಿಂಕಿನ ಬಳಿ ಬಂದ. ಎಲ್ಲರ ಬಾಯಲ್ಲೂ ಅವನು ‘ಸೋಂಬೇರಿ’. ವಾರದಿಂದ ಸಿಂಕಿನೊಳಗೇ ಕೂತಿದ್ದ ತನ್ನ ಕೊಳಕು ಬೀಕರನ್ನು ಎತ್ತಿ, ನಲ್ಲಿಗೆ ಕೈ ಹಾಕಿದ.

"ತೊಳಿ ತೊಳಿ ಅಂತ ದಿನಾ ಪ್ರಾಣ ತಿಂತೀಯಲ್ಲ, ನೋಡು, ತೊಳೀತಿದೀನಿ."

ಬೀಕರಿನ ತಳದಲ್ಲಿ ಹೊಂಬಣ್ಣದ ದ್ರವ ತುಳುಕಿತು.

ಅವಳು ಹಾರಿಬಂದು ಅವನ ಮಣಿಕಟ್ಟು ಹಿಡಿದಳು. "ಬೇಡ ಕಣೋ! ನಿನ್ನ ಕಾಲಿಗೆ ಬೀಳ್ತೀನಿ, ಇವತ್ತೊಂದಿನ ಸೋಂಬೇರಿಯಾಗೇ ಇರು!"