ದರ್ಶನದ ಪುಟ

ದೇವಸ್ಥಾನದ ವೆಬ್‌ಸೈಟ್ ದಿನವೂ ಬೆಳಿಗ್ಗೆ ನಿಂತುಹೋಗುತ್ತಿತ್ತು. ದೂರದ ಭಕ್ತರಿಗೆ ಅಂದಿನ ಅಲಂಕಾರ ಕಾಣುತ್ತಿರಲಿಲ್ಲ. ಸಮಿತಿಯ ಅಧ್ಯಕ್ಷರು ಅದನ್ನು ನೋಡಿಕೊಳ್ಳುವ ಎಂಜಿನಿಯರ್ ಹುಡುಗಿಯನ್ನು ಕರೆಸಿ, "ಇನ್ನೊಮ್ಮೆ ನಿಂತರೆ ಈ ಕೆಲಸ ಬೇರೆಯವರಿಗೆ ಹೋಗುತ್ತದೆ, ತಾಯಿ" ಎಂದಿದ್ದರು. ಅವಳು ಅಂದೇ ಅದನ್ನು ಸರಿಪಡಿಸಿ, ಎಂಟು ದಿನ ಕಾದು ನೋಡಿ, ಸಮಿತಿಯ ಮುಂದೆ ಬಂದಳು.

"ದರ್ಶನದ ಪುಟ ತೆರೆದಾಗಲೆಲ್ಲ ಸರ್ವರ್ ಅದನ್ನು ಹೊಸದಾಗಿ ತಯಾರಿಸಿ ಮೆಮೊರಿಯಲ್ಲಿ ಇಟ್ಟುಕೊಳ್ಳುತ್ತಿತ್ತು, ಸರ್. ಯಾರೋ ಒಬ್ಬರೇ ಮೇಲಿಂದ ಮೇಲೆ ತೆರೆದು ಜಾಗವನ್ನೆಲ್ಲ ತುಂಬಿಸಿಬಿಡುತ್ತಿದ್ದರು."

"ಯಾರವನು ದೈವದ್ರೋಹಿ? ಪೊಲೀಸರಿಗೆ ಹಿಡಿದುಕೊಡೋಣ!" ಎಂದು ಅಧ್ಯಕ್ಷರು ಮೇಜು ಗುದ್ದಿದರು.

"ಹೆಸರು ಗೊತ್ತಾಗುವುದಿಲ್ಲ. ದಿನಾ ಬೆಳಿಗ್ಗೆ ಐದಕ್ಕೆ, ಒಂದೇ ಫೋನಿನಿಂದ."

ಅಧ್ಯಕ್ಷರು ಮೇಜಿನ ಮೇಲಿಂದ ಕೈ ತೆಗೆದರು. "ಹೋಗಲಿ ಬಿಡಿ, ಪಾಪ, ಯಾರೋ ಭಕ್ತರಿರಬೇಕು."

"ಎಂಥ ಭಕ್ತ! ಮಾಡಲು ಬೇರೆ ಕೆಲಸವಿಲ್ಲದವನು" ಎಂದರು ಅರ್ಚಕರು.

"ಈಗ ಯಾರಾದರೂ ಚಿಂತೆಯಿಲ್ಲ. ಒಬ್ಬರಿಗೆ ದಿನಕ್ಕೆ ಒಂದೇ ಪುಟ ತಯಾರಾಗುತ್ತದೆ. ಅವರು ಎಷ್ಟು ಸಲ ತೆರೆದರೂ ಸರ್ವರ್ ಅದನ್ನೇ ತೋರಿಸುತ್ತದೆ. ಈ ಎಂಟು ದಿನದಲ್ಲಿ ಒಮ್ಮೆಯೂ ನಿಂತಿಲ್ಲ."

ಸಮಿತಿಯವರೆಲ್ಲ ಭೇಷ್ ಎಂದರು. ಅಧ್ಯಕ್ಷರು ಮಾತ್ರ ಮಂಡಿ ಹಿಡಿದುಕೊಂಡು ಕುಳಿತಿದ್ದರು.

"ಗುಡಿ ಸುತ್ತಬೇಡಿ ಎಂದು ಡಾಕ್ಟರು ಹೇಳಿದ್ದಕ್ಕೆ ನಾನು ಫೋನಿನಲ್ಲೇ ದಿನಾ ನೂರೆಂಟು ಸಲ ದರ್ಶನ ಮಾಡುತ್ತಿದ್ದೆನಲ್ಲಮ್ಮ, ಹಾಗಾದರೆ ಎಂಟು ದಿನದಿಂದ ದೇವರಿಗೆ ಸಂದದ್ದು ಬರೀ ಎಂಟೇ?"