ಹಸಿ ಗೋಡೆ

ಐವತ್ನಾಲ್ಕನೇ ಇಸವಿಯ ಶ್ರಾವಣ. ಗುಳೇದಗುಡ್ಡದ ಓಣಿಯಲ್ಲಿ ನಿಂತು ಕಿಟಕಿಯ ಕೆಳಗಿನ ಹಸಿಯನ್ನು ಒತ್ತಿ ನೋಡಿದ ಗೌಂಡಿ ಫಕ್ರುಸಾಬನ ಬೆರಳು ಪೂರ್ತಿ ಗೋಡೆಯೊಳಗೆ ಇಳಿಯಿತು.

"ಸುಣ್ಣಾ ಬಳದರ ಸಾಕಾಗೂದಿಲ್ಲೇನು?" ಒಳಗಿನಿಂದ ಮಥುರಾಬಾಯಿ ಕೇಳಿದಳು. ಅದೇ ಕಿಟಕಿಯಡಿ ಅವಳ ಬಾಣಂತಿ ಮಗಳು ಪ್ರೇಮಾ ಕೂಸಿನೊಡನೆ ಮಲಗಿದ್ದಳು.

ಫಕ್ರುಸಾಬ ಜಾರತೊಡಗಿದ ಕಿಟಕಿಯ ಚೌಕಟ್ಟನ್ನು ಎರಡೂ ಕೈಗಳಿಂದ ತಡೆಹಿಡಿದು ಮೆಲ್ಲಗೆ ಹೇಳಿದ: "ಬಾಯಾರ, ಮಾಳಿಗಿ ನೀರು ಗ್ವಾಡಿ ಒಳಗ ಇಳದೈತ್ರಿ. ಮಣ್ಣೆಲ್ಲಾ ಕರಗೇತಿ. ಗದ್ದಲ ಮಾಡಬ್ಯಾಡ್ರಿ, ಮೊದಲ ತಾಯಿ-ಕೂಸಿನ್ನ ಹೊರಗ ಕರಕೊಂಡ ಹೋಗ್ರಿ."

ಮೂವರೂ ಅಂಗಳ ಸೇರಿದ ಮೇಲೆ ಅವನು ಕೈ ಬಿಟ್ಟು ಹಿಂದೆ ಸರಿದ. ಕಲ್ಲು, ಹಸಿಮಣ್ಣು ಬರಿದಾದ ಹಾಸಿಗೆಯ ಮೇಲೆ ಕುಸಿದವು. ಪ್ರೇಮಾ ಕೂಸನ್ನು ಅವುಚಿಕೊಂಡು ಅಳತೊಡಗಿದಳು.

ಫಕ್ರುಸಾಬ ಅತ್ತ ನೋಡಲಿಲ್ಲ. ಬಿರುಕು ಎರಡೂ ಮನೆಗಳಿಗೆ ಒಂದೇ ಆದ ಸಾಲುಗೋಡೆ ಹಿಡಿದು ಪಕ್ಕದ ಮನೆಯ ಕಡೆ ಓಡುತ್ತಿತ್ತು. ಆ ಮನೆಯೊಳಗೆ ಮಗ್ಗದ ಸದ್ದು ಇನ್ನೂ ನಿಂತಿರಲಿಲ್ಲ.