ಪದ್ಮಾಕ್ಷಿಯ ಎಡಗಣ್ಣು

"ಬಾಪ, ಕೆಂಪು ರೇಷ್ಮೆ ನೂಲು ಉಂಟಾ? ಒಂದು ಗೇಣು ಸಾಕು."

ಬಂಟ್ವಾಳ ಪೇಟೆಯ ತಮ್ಮ ಜವಳಿ ಅಂಗಡಿಯಲ್ಲಿ ಕೂತಿದ್ದ ಉಸ್ಮಾನ್ ಬ್ಯಾರಿಗಳು ಮಗನ ಮುಖ ನೋಡಿದರು. ಮದರಾಸಿನಲ್ಲಿ ಐದು ವರ್ಷ ಚಿತ್ರಕಲೆ ಕಲಿತು ಡಿಪ್ಲೊಮಾ ಪಡೆದವನು ಅಬ್ದುಲ್ ರವೂಫ್. ಅವನ ಜೊತೆ ಕಲಿತವರಲ್ಲಿ ಒಬ್ಬ ಸಿನಿಮಾದ ಬ್ಯಾನರು ಬರೆಯುತ್ತಿದ್ದ. ಇನ್ನೊಬ್ಬ ಶಿವಕಾಶಿಯ ಕ್ಯಾಲೆಂಡರುಗಳಿಗೆ ದೇವರ ಚಿತ್ರ ಬರೆದು ೧೯೬೩ರಲ್ಲೇ ಕಾರು ಕೊಂಡಿದ್ದ. ರವೂಫ್ ಮಾತ್ರ ಮದರಾಸಿನಲ್ಲೇ ಒಂದು ಕಣ್ಣಾಸ್ಪತ್ರೆ ಸೇರಿದ್ದ. ಕೃತಕ ಕಣ್ಣು ಮಾಡುವ ಕೆಲಸವಂತೆ. ಪೇಟೆಯವರು "ಮಗ ಕಂಪೌಂಡರಾ?" ಎಂದು ಕೇಳಿದರೆ ಉಸ್ಮಾನ್ ಬ್ಯಾರಿಗಳು "ಹಾಂ, ಹಾಗೇ ಏನೋ" ಎಂದು ಮಾತು ತೇಲಿಸುತ್ತಿದ್ದರು. ಈ ಸಲ ರಜೆಯಲ್ಲಿ ಬಂದವನನ್ನು ತಿರುಗಿ ಕಳಿಸುವುದು ಬೇಡ, ಅಂಗಡಿಯಲ್ಲೇ ಕೂರಿಸುವ ಎಂದು ಅವರು ನಿಶ್ಚಯಿಸಿಯಾಗಿತ್ತು. ಹೇಳುವುದೊಂದು ಬಾಕಿ ಇತ್ತು.

ನೂಲು ಹಿಡಿದು ಮಗನ ಹಿಂದೆಯೇ ಅವರೂ ಅಂಗಡಿಯ ಹಿಂದಿನ ಮನೆಯ ಜಗಲಿಗೆ ಬಂದರು. ಅಲ್ಲಿ ನರಿಕೊಂಬಿನ ಜತ್ತಪ್ಪ ತನ್ನ ಮಗಳು ಪದ್ಮಾಕ್ಷಿಯೊಂದಿಗೆ ಕುಳಿತಿದ್ದ. ಎರಡು ವರ್ಷದ ಹಿಂದೆ ಭತ್ತ ಬಡಿಯುವಾಗ ಅವಳ ಎಡಗಣ್ಣಿಗೆ ಹೊಟ್ಟು ಸಿಡಿದು, ಕೀವಾಗಿ, ಕಡೆಗೆ ಕಣ್ಣನ್ನೇ ತೆಗೆಯಬೇಕಾಗಿ ಬಂದಿತ್ತು. ಅಂದಿನಿಂದ ಅವಳ ಸೆರಗು ಎಡಗೆನ್ನೆ ಬಿಟ್ಟು ಸರಿದದ್ದಿಲ್ಲ. ಟೀಚರ್ ಟ್ರೈನಿಂಗ್ ಮುಗಿಸಿದ್ದಳು. ಕಕ್ಕಿಂಜೆ ಕಡೆಯ ಬೋರ್ಡು ಶಾಲೆಗೆ ಆರ್ಡರೂ ಬಂದಿತ್ತು. "ಮಕ್ಕಳು ನನ್ನನ್ನು ನೋಡಿ ಹೆದರಿದರೆ?" ಎಂದು ಕೇಳಿ ಮನೆಯಲ್ಲೇ ಕೂತಿದ್ದಳು. ಮೂರು ದಿನದ ಹಿಂದೆ ರವೂಫ್ ಅವಳ ಕಣ್ಣಿನ ಗುಳಿಯ ಅಚ್ಚನ್ನು ಮೇಣದಲ್ಲಿ ತೆಗೆದು, ದಂತವೈದ್ಯರು ಹಲ್ಲಿನ ಸೆಟ್ಟಿಗೆ ಬಳಸುವ ಪುಡಿಯಿಂದ ಬಿಳಿಯ ಚಿಪ್ಪೊಂದನ್ನು ಮಾಡಿಟ್ಟಿದ್ದ.

"ಸೆರಗು ಸ್ವಲ್ಪ ಸರಿಸಬೇಕು," ಎಂದ ರವೂಫ್. "ನಿಮ್ಮ ಬಲಗಣ್ಣು ನೋಡಿಕೊಂಡು ಬರೆಯಬೇಕು."

"ಕಣ್ಣು ಕಪ್ಪಲ್ವಾ ಮಾರಾಯ? ಅದರಲ್ಲಿ ನೋಡಲಿಕ್ಕೆ ಎಂಥ ಉಂಟು?" ಜತ್ತಪ್ಪ ಕೇಳಿದ.

"ಯಾರ ಕಣ್ಣೂ ಕಪ್ಪಲ್ಲ ಜತ್ತಪ್ಪಣ್ಣ."

ಚಿಪ್ಪನ್ನು ಬೆರಳ ತುದಿಯಲ್ಲಿ ಹಿಡಿದು ರವೂಫ್ ಬರೆಯತೊಡಗಿದ. ಕುಂಚಕ್ಕೆ ನಾಲ್ಕೈದು ಕೂದಲು ಇದ್ದರೆ ಹೆಚ್ಚು. ಮೊದಲು ಕಂದು, ಅದರ ಮೇಲೆ ಜೋನಿಬೆಲ್ಲದ ಬಣ್ಣ, ಅಂಚಿಗೆ ಬೂದಿ ಕಲಸಿದ ನೀಲಿ. ಸೀರೆಗೆ ಹೊಂದುವ ರವಕೆ ಬಟ್ಟೆಯನ್ನು ದೂರದಿಂದಲೇ ಆರಿಸಿಕೊಡುವ ಉಸ್ಮಾನ್ ಬ್ಯಾರಿಗಳು 'ಈ ಹುಡುಗಿಯ ಕಣ್ಣಲ್ಲಿ ನೀಲಿ ಎಲ್ಲಿಂದ?' ಎಂದುಕೊಂಡು ಬಗ್ಗಿ ನೋಡಿದರು. ಇತ್ತು. ಮಗ ಒಂದೊಂದು ಬಣ್ಣ ಇಟ್ಟಾಗಲೂ ಅವರು ಬಗ್ಗಿದರು. ಪ್ರತಿ ಸಲವೂ ಅದು ಅವಳ ಕಣ್ಣಲ್ಲಿ ಮೊದಲೇ ಇತ್ತು.

ಆಮೇಲೆ ರವೂಫ್ ರೇಷ್ಮೆ ನೂಲಿನ ಹುರಿ ಬಿಚ್ಚಿ, ಕೂದಲಿಗಿಂತ ತೆಳ್ಳಗಿನ ಎಳೆಯೊಂದನ್ನು ಚಿಮುಟಿಯಲ್ಲಿ ಎತ್ತಿ ಬಿಳಿಯ ಮೇಲೆ ಮಲಗಿಸಿದ. ಅದರ ಪಕ್ಕಕ್ಕೆ ಕವಲೊಡೆದ ಇನ್ನೊಂದು.

"ಇದೆಂಥದು ಮೋನೆ?" ತಂದೆ ಮಗನನ್ನು ಕೇಳಿದರು.

"ನರ, ಬಾಪ. ಇದು ಇಲ್ಲದಿದ್ದರೆ ಕಣ್ಣು ಪಿಂಗಾಣಿ ಹಾಗೆ ಕಾಣ್ತದೆ."

ಮೇಲೆ ಗಾಜಿನಂಥ ಪದರ ಕೂರಬೇಕಿತ್ತು. ಅದಕ್ಕಾಗಿ ಚಿಪ್ಪನ್ನು ಅಚ್ಚಿನಲ್ಲಿ ಬಿಗಿದು ಅವನ ಉಮ್ಮನ ಅನ್ನದ ಪಾತ್ರೆಯಲ್ಲೇ ಕುದಿಸಿದ್ದಾಯಿತು. ಮರುದಿನವಿಡೀ ಅವನು ಅದನ್ನು ಉಜ್ಜಿ ನಯ ಮಾಡಿದ. ಸಂಜೆಯ ಅಸರ್ ನಮಾಜು ಮುಗಿಸಿ ಬಂದ ತಂದೆಯ ಮುಂದೆ ಅಂಗೈ ಚಾಚಿದ. ನೀರಲ್ಲಿ ಅದ್ದಿ ತೆಗೆದ ಕಣ್ಣು ಅಂಗೈ ನಡುವೆ ತೆರೆದುಕೊಂಡಿತ್ತು. ಹತ್ತಿರ ಬಗ್ಗಿದ ಉಸ್ಮಾನ್ ಬ್ಯಾರಿಗಳು ಥಟ್ಟನೆ ಹಿಂದೆ ಸರಿದರು. ಅದು ತಮ್ಮನ್ನು ನೋಡಿದಂತಾಗಿತ್ತು.

"ಸುಬ್‌ಹಾನಲ್ಲಾ," ಎಂದರು. ಮತ್ತೆ ಹತ್ತಿರ ಬಂದು ಕೇಳಿದರು, "ನಿನ್ನ ಆಸ್ಪತ್ರೆಯಲ್ಲಿ ಇದಕ್ಕೆ ಕಾಯುವವರು ಎಷ್ಟು ಮಂದಿ?"

"ಪಟ್ಟಿಯಲ್ಲಿ ಮುನ್ನೂರು ದಾಟಿದೆ. ಮಾಡುವವರು ನಾವು ಇಬ್ಬರು."

"ನಿನ್ನ ರಜೆ ಎಂದಿನವರೆಗೆ?"

"ಇನ್ನೂ ಹತ್ತು ದಿನ ಉಂಟು."

"ಹತ್ತು ದಿನ ಇಲ್ಲಿ ಕೂತು ಎಂಥ ಮಾಡ್ತೀ? ಶುಕ್ರವಾರ ಜುಮಾ ಮುಗಿಸಿ ಹೊರಡು."

ಅಷ್ಟರಲ್ಲಿ ಜತ್ತಪ್ಪ ಮಗಳನ್ನು ಕರೆದುಕೊಂಡು ಬಂದ. ರವೂಫ್ ಅವಳ ರೆಪ್ಪೆ ಎತ್ತಿ ಕಣ್ಣನ್ನು ಮೆಲ್ಲನೆ ಒಳಗೆ ಜಾರಿಸಿದ. "ಈಗ ಬಿಡಿ," ಎಂದ. ಪದ್ಮಾಕ್ಷಿ ಕಣ್ಣು ಬಿಟ್ಟಳು. ಜತ್ತಪ್ಪ ಎದುರು ಬಂದು ನಿಂತು ಒಂದು ಕಣ್ಣು ನೋಡಿದ, ಮತ್ತೊಂದು ನೋಡಿದ, ಪುನಃ ಮೊದಲಿನದಕ್ಕೆ ಬಂದ. ಅವಳ ಗಲ್ಲ ಮುಟ್ಟಿದ.

ಉಸ್ಮಾನ್ ಬ್ಯಾರಿಗಳು ಅಂಗಡಿಯ ಕನ್ನಡಿಯನ್ನು ಗೋಡೆಯಿಂದ ಬಿಚ್ಚಿ ತಂದು ತಾವೇ ಹಿಡಿದು ನಿಂತರು. ಪದ್ಮಾಕ್ಷಿ ನೇರ ನೋಡಿದಳು. ಎಡಕ್ಕೆ ನೋಡಿದಳು, ಬಲಕ್ಕೆ ನೋಡಿದಳು. ಎರಡೂ ಕಣ್ಣು ಜೊತೆಜೊತೆಗೇ ಹೊರಳಿದವು. ಸೆರಗು ಭುಜಕ್ಕೆ ಜಾರಿತು, ಅವಳು ಅದನ್ನು ಎಳೆದುಕೊಳ್ಳಲಿಲ್ಲ. ನೋಡುನೋಡುತ್ತಲೇ ಅವಳ ಬಲಗೆನ್ನೆಯ ಮೇಲೆ ನೀರು ಇಳಿಯಿತು. ಎಡಗೆನ್ನೆಯ ಮೇಲೂ ಇಳಿಯಿತು.

ಉಸ್ಮಾನ್ ಬ್ಯಾರಿಗಳು ಕನ್ನಡಿಯ ಮೇಲಿನಿಂದ ಬಗ್ಗಿ ನೋಡಿದರು.

"ಮೋನೆ, ನೀನು ಮಾಡಿದ ಕಣ್ಣು ಅಳ್ತಾ ಉಂಟು!"

"ಕಣ್ಣು ಮಾತ್ರ ನಾನು ಮಾಡಿದ್ದು ಬಾಪ," ಎಂದ ರವೂಫ್. "ನೀರು ಅವರದೇ."